ಇಲ್ಲಿ ಅಮಿತಾ ಅಂತ ಯಾರೂ ಇಲ್ಲ

ತೆಲುಗು ಸೀಮೆಯ ಸನತ್‌ನಗರದ ಕನ್ನಡದ ಮನೆಗಳಲ್ಲಿ ಯಾರಿಗಾದರೂ ಪಾಸ್‌ಪೋರ್ಟ್ ಮಾಡಿಸುವುದಿರಲಿ, ಪಿಂಚಣಿ ತಡವಾಗಿರಲಿ, ಆಧಾರ್ ಕಾರ್ಡಿನಲ್ಲಿ ಹುಟ್ಟಿದ ತಾರೀಖು ತಪ್ಪಿರಲಿ, ಮೊದಲು ಬಾಯಿಗೆ ಬರುವ ಹೆಸರು ವೆಂಕಟೇಶರಾಯರದು. ಬಾಲಾನಗರದ ಸರಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ವಿಮಾನದ ಉಪಕರಣದ ಮೇಲೆ ಕೊರೆದ ಸಂಖ್ಯೆಗೂ ಕಾಗದದಲ್ಲಿರುವ ಸಂಖ್ಯೆಗೂ ಒಂದು ಅಕ್ಷರ ಹೊಂದದಿದ್ದರೆ ಆ ಮಾಲನ್ನು ಹಿಂದಕ್ಕೆ ಅಟ್ಟುವುದೇ ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ಅಟ್ಟಲು ಮಾಲು ಸಿಗದೆ ನೆಂಟರಿಷ್ಟರ ಅರ್ಜಿಗಳನ್ನು ಹಿಡಿದುಕೊಂಡರು. ಮನುಷ್ಯ ಒಳ್ಳೆಯವರೇ. ಆದರೆ ಇನ್ನೊಬ್ಬರ ತಪ್ಪು ಸಿಕ್ಕಾಗ ಅವರ ಮುಖ ಎಷ್ಟು ಅರಳುತ್ತಿತ್ತೆಂದರೆ, ಅರ್ಜಿ ತಂದವರಿಗೆ ಉಪಕಾರ ಮರೆತು ಸಿಟ್ಟೇ ಬರುತ್ತಿತ್ತು.

ಅಂಥವರ ಒಬ್ಬಳೇ ಮಗಳು ಹರ್ಷದಾಳಿಗೆ ಆಸ್ಟ್ರೇಲಿಯಾದ ಒಂದು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಆಸ್ಪತ್ರೆಗಳಿಂದ ಹರಿದು ಬರುವ ಕೊಳೆ ನೀರನ್ನು ಶುದ್ಧ ಮಾಡುವ ವಿದ್ಯೆ ಕಲಿಯಲು ಹೊರಟವಳು ಅವಳು. ಹೋದ ವರ್ಷ ಇದೇ ಸೀಟು ಸಿಕ್ಕಿ, ಜ್ವರ ಬಂದು ಮಲಗಿ, ಕೈತಪ್ಪಿಹೋಗಿತ್ತು. ಈ ಸಲ ತಪ್ಪಿದರೆ ಮೂರನೆಯ ಸಲ ಕೇಳುವ ಮುಖ ತನಗಿಲ್ಲ ಎಂದು ಅವಳೇ ಹೇಳಿದ್ದಳು. ರಾಯರು ಅಂಗಡಿಗೆ ಹೋಗಿ ದಪ್ಪ ಫೈಲು ತಂದರು, ಬಣ್ಣದ ಚೀಟಿ ಅಂಟಿಸಿದರು, ‘ವೀಸಾದ ಕಾಗದಾ ನಾ ನೋಡ್ಕೋತೀನಿ, ನೀ ಸುಮ್ಮನಿರು’ ಎಂದರು.

ಬೇಗಂಪೇಟೆಯಲ್ಲಿ ವಿದೇಶಕ್ಕೆ ಓದಲು ಹೋಗುವವರ ಕಾಗದಪತ್ರ ಸಿದ್ಧ ಮಾಡಿಕೊಡುವ ಕಚೇರಿಯೊಂದಿದೆ. ಅಲ್ಲಿಯ ತರುಣ ಎಂಬ ಹುಡುಗ ಫೈಲನ್ನು ತಿರುವಿ ಹಾಕುತ್ತ ಒಂದು ಕಡೆ ನಿಂತ. ಮಗಳ ಖರ್ಚಿಗೆ ತೋರಿಸಿದ್ದ ಬ್ಯಾಂಕ್ ಠೇವಣಿಯ ಕಾಗದ ಅದು.

“ಅಂಕಲ್, ಈ ಅಮಿತಾ ಹುಣಸಗಿ ಯಾರು?” ಎಂದು ಹಿಂದಿಯಲ್ಲಿ ಕೇಳಿದ.

ರಾಯರು ಒಂದು ಕ್ಷಣ ತಡವರಿಸಿದರು. ಆಮೇಲೆ “ನನ್ನ ಹೆಂಡತಿ” ಎಂದರು.

“ಹುಡುಗಿಯ ಮಾರ್ಕ್ಸ್ ಕಾರ್ಡಿನಲ್ಲಿ ತಾಯಿ ಅಂಬುಬಾಯಿ ಮುದಗಲ್ಲ ಅಂತ ಇದೆಯಲ್ಲ?”

“ಅಂಬುಬಾಯಿನೂ ನನ್ನ ಹೆಂಡತಿನೇ.”

ತರುಣ ತಲೆಯೆತ್ತಿ ರಾಯರನ್ನೂ, ಅವರ ಹಣೆಯ ಅಂಗಾರ ಅಕ್ಷತೆಯನ್ನೂ ನೋಡಿದ. “ಇಬ್ಬರಾ ಅಂಕಲ್?” ಎಂದು ಮೆಲ್ಲಗೆ ಕೇಳಿದ. ಹರ್ಷದಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ರಾಯರ ಕಿವಿ ಕೆಂಪಾದವು. ಜೀವನವಿಡೀ ಇನ್ನೊಬ್ಬರ ಕಾಗದದಲ್ಲಿ ಹೊಂದದ ಹೆಸರು ಹುಡುಕಿದವರ ಫೈಲಿನಲ್ಲೇ, ಅದೂ ಕಟ್ಟಿಕೊಂಡ ಹೆಂಡತಿಯ ಹೆಸರೇ ಹೊಂದಿರಲಿಲ್ಲ.

ನಮ್ಮ ಮಂದಿಯಲ್ಲಿ ಒಂದು ಪದ್ಧತಿ ಇತ್ತು, ಕೆಲವು ಮನೆಗಳಲ್ಲಿ ಈಗಲೂ ಇದೆ. ಮದುವೆಯಲ್ಲಿ ಮನೆ ತುಂಬಿಸಿಕೊಳ್ಳುವಾಗ ತಾಟಿನಲ್ಲಿ ಅಕ್ಕಿ ಹರವುತ್ತಾರೆ. ಗಂಡನಾದವನು ಉಂಗುರದಿಂದ ಆ ಅಕ್ಕಿಯಲ್ಲಿ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ನೆರೆದವರು ಬಗ್ಗಿ ಓದುತ್ತಾರೆ, ಸಕ್ಕರೆ ಹಂಚುತ್ತಾರೆ, ನಗುತ್ತಾರೆ. ಹುಡುಗಿ ಅಡ್ಡಹೆಸರನ್ನಷ್ಟೇ ತವರಿನಲ್ಲಿ ಬಿಟ್ಟು ಬರುವುದಿಲ್ಲ, ಹೆಸರನ್ನೇ ಬಿಟ್ಟು ಬರುತ್ತಾಳೆ. ರಾಯರ ಮದುವೆಯ ಹಿಂದಿನ ವರ್ಷ ಅವರ ಅಜ್ಜಿ ಅಂಬುಬಾಯಿ ತೀರಿಕೊಂಡಿದ್ದರು. ಮುದುಕಿಯ ಹೆಸರು ಮನೆಯಲ್ಲಿ ಉಳಿಯಲಿ ಎಂದು ರಾಯರ ತಾಯಿ ಹೇಳಿದರು, ರಾಯರು ಬರೆದರು. ಕಲಬುರಗಿಯಲ್ಲಿ ಬಿ.ಎಸ್‌ಸಿ. ಮುಗಿಸಿ, ಕಾಲೇಜಿನ ಪರವಾಗಿ ಬ್ಯಾಡ್ಮಿಂಟನ್ ಆಡಿ ಬಂದಿದ್ದ ಅಮಿತಾ ಹುಣಸಗಿ ಎಂಬ ಹುಡುಗಿ ಊಟದ ಹೊತ್ತಿಗೆ ಅಂಬುಬಾಯಿ ಮುದಗಲ್ಲ ಆಗಿದ್ದರು. ಆ ಅಕ್ಕಿಯನ್ನು ಮರುದಿನ ಅನ್ನ ಮಾಡಿದರು.

ಅಂಬುಬಾಯಿಯವರ ತಂದೆ ಮಾತ್ರ ಕೊನೆಯವರೆಗೆ ಅಮಿತಾ ಎಂದೇ ಕರೆದರು. ಮಗಳಿಗೆಂದು ಬ್ಯಾಂಕಿನಲ್ಲಿ ಇಟ್ಟ ಠೇವಣಿಗೂ ಅದೇ ಹೆಸರು ಬರೆಸಿದರು. ರಾಯರ ಉಳಿತಾಯವೆಲ್ಲ ಫ್ಲ್ಯಾಟಿಗೆ ಹೋಗಿದ್ದರಿಂದ ಈಗ ಹರ್ಷದಾಳನ್ನು ಓದಿಸುವುದು ಆ ಠೇವಣಿಯೇ. ಈ ಸಂಗತಿ ರಾಯರಿಗೆ ಒಳಗೊಳಗೇ ಚುಚ್ಚುತ್ತಿತ್ತು. “ಖರ್ಚು ನೋಡಿಕೊಳ್ಳುವವರು ಅನ್ನೋ ಕಡೆ ತಂದಿ ಹೆಸರು ಬರಿಲಿಕ್ಕೆ ಬರೂದಿಲ್ಲೇನು?” ಎಂದು ತರುಣನನ್ನು ಎರಡು ಸಲ ಕೇಳಿದರು. ದುಡ್ಡು ಯಾರ ಹೆಸರಿನಲ್ಲಿದೆಯೋ ಅವರ ಹೆಸರೇ ಬರಬೇಕು ಎಂದ ಅವನು. ಇಬ್ಬರೂ ಒಬ್ಬರೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ ತನ್ನಿ, ಸಾಕು ಎಂದ.

ನೋಟರಿ ಒಬ್ಬ ತೆಲುಗು ವಕೀಲರು. ಝೆರಾಕ್ಸ್ ಅಂಗಡಿಯ ಪಕ್ಕದಲ್ಲಿ ಮೇಜು ಹಾಕಿಕೊಂಡಿದ್ದರು. ಅವರಿಗೆ ವಿಷಯ ತಲೆಗೇ ಹೋಗಲಿಲ್ಲ. ಮದುವೆಯಾದರೆ ಮನೆತನದ ಹೆಸರು ಬದಲಾಗುತ್ತದೆ ಸರಿ, ಕರೆಯುವ ಹೆಸರು ಯಾಕೆ ಬದಲಾಯಿತು ಎಂದು ಮತ್ತೆ ಮತ್ತೆ ಕೇಳಿದರು. ರಾಯರು ತಾಟು, ಅಕ್ಕಿ, ಉಂಗುರ ಎಲ್ಲವನ್ನೂ ತಮಗೆ ಬರುವ ತೆಲುಗಿನಲ್ಲಿ ಹೇಳಿದರು. ಮನೆಯಲ್ಲಿ ಅಷ್ಟು ಸಹಜವಾಗಿದ್ದ ಮಾತು ಆ ಮೇಜಿನ ಮುಂದೆ ಯಾಕೋ ಮೂರ್ಖತನದಂತೆ ಕೇಳಿಸಿತು. ಸರದಿಯಲ್ಲಿ ನಿಂತಿದ್ದವರು ಇಣುಕತೊಡಗಿದರು.

“ನಿಮಗೂ ಒಪ್ಪಿಗೆ ಇತ್ತಾ ಅಮ್ಮಾ?” ಎಂದು ವಕೀಲರು ಅಂಬುಬಾಯಿಯವರ ಕಡೆ ತಿರುಗಿದರು.

ಅಂಬುಬಾಯಿ ನಕ್ಕು, “ಯಾರೂ ಕೇಳೇ ಇಲ್ಲಲ್ಲ ಸಾರ್” ಎಂದರು.

ವಕೀಲರು ಗಟ್ಟಿಯಾಗಿ ನಕ್ಕರು. ರಾಯರೂ ನಗಬೇಕಾಯಿತು. ಎರಡೂ ಹೆಸರಿನ ಸಹಿ ಬೇಕು ಎಂದಾಗ ಅವರು ಅಂಬುಬಾಯಿ ಮುದಗಲ್ಲ ಎಂಬುದನ್ನು ಅಕ್ಷರ ಅಕ್ಷರ ಕೂಡಿಸಿ ಬರೆದರು. ರೇಷನ್ ಅಂಗಡಿಯಲ್ಲಿ, ಗ್ಯಾಸಿನವನ ಪುಸ್ತಕದಲ್ಲಿ ಮಾಡುತ್ತಿದ್ದ ಸಹಿ ಅದು. ಅಮಿತಾ ಹುಣಸಗಿ ಎಂಬುದನ್ನು ಮಾತ್ರ ಕೈಯೆತ್ತದೆ ಸರಕ್ಕನೆ ಹಾಕಿ, ಕೊನೆಯಲ್ಲಿ ಒಂದು ಗೆರೆ ಎಳೆದರು. ಇಷ್ಟು ವರ್ಷ ಜೊತೆಗಿದ್ದ ಹೆಂಡತಿಗೆ ಇಂಥ ಸಹಿಯೊಂದಿದೆ ಎಂಬುದು ರಾಯರಿಗೆ ಗೊತ್ತಿರಲಿಲ್ಲ.

ಅರ್ಜಿಯಲ್ಲಿ ಖರ್ಚು ಕೊಡುವವರ ಫೋನ್ ನಂಬರ್ ಎಂಬ ಕಡೆ ರಾಯರು ತಮ್ಮ ನಂಬರು ಬರೆದರು.

“ಅಪ್ಪಾ, ಅಮ್ಮನ ನಂಬರ ಬರೀಬೇಕು ಅಲ್ಲಿ” ಎಂದಳು ಹರ್ಷದಾ.

“ಇಂಗ್ಲೀಷಿನ್ಯಾಗ ಯಾರರ ಮಾತಾಡಿದ್ರ ಅಕಿ ಗಾಬರಿ ಆಗ್ತಾಳ. ನನ್ನ ಕಡೆ ಇರ್ಲಿ. ಬಂದ್ರ ನಾ ಕೊಡ್ತೀನಲ್ಲ.”

ಓಣಿಯ ಮಕ್ಕಳಿಗೆಲ್ಲ ಇಂಗ್ಲಿಷಿನಲ್ಲೇ ಗಣಿತ ಹೇಳಿಕೊಡುತ್ತಿದ್ದ ಅಂಬುಬಾಯಿ ಪಕ್ಕದಲ್ಲೇ ಕೂತು ಬಟಾಣಿ ಸುಲಿಯುತ್ತಿದ್ದರು.

ಅರ್ಜಿ ಹೋಯಿತು. ರಾಯರು ಫೈಲನ್ನು ಮೇಜಿನ ಮೇಲೆ ಬಂದವರ ಕಣ್ಣಿಗೆ ಬೀಳುವಂತೆ ಇಟ್ಟರು. ಒಂದು ಬೆಳಗ್ಗೆ ಕಾರ್ಖಾನೆಯ ಹಳೆಯ ಗೆಳೆಯ ಬಸವರಾಜ ಬಂದರು. ಕೊಪ್ಪಳದ ಕಡೆಯವರು, ಬಾಯಿ ಜೋರು, ಮನಸ್ಸು ಮೆತ್ತಗೆ. ಹರ್ಷದಾ ಮನೆಯಲ್ಲಿರಲಿಲ್ಲ.

“ಭಾಳ ಧೈರ್ಯ ಐತಿ ಬಿಡ್ರಿ ನಿಮ್ದು” ಎಂದರು ಬಸವರಾಜ. “ಹೆಣ್ಮಗಳನ್ನ ಅಷ್ಟ ದೂರ ಕಳಸಾಕತ್ತೀರಿ. ರೊಕ್ಕಾನೂ ಅಷ್ಟ ಬೇಕು ಅದಕ್ಕ.”

“ಮಗಳಿಗಿಂತ ಹೆಚ್ಚೇನ್ರಿ? ತಂದಿ ಅಂದಮ್ಯಾಲ ಮಾಡಬೇಕು. ನಾ ಯಾರ ಮುಂದೂ ಕೈ ಒಡ್ಡಿಲ್ಲ ನೋಡ್ರಿ. ಎಲ್ಲಾ ನಾನ ಜೋಡ್ಸೇನಿ.”

ಮಾತು ಸುಳ್ಳೆಂದು ರಾಯರಿಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದವರಿಗೆ ಕೇಳಿಸುತ್ತದೆ ಎಂಬುದೂ ಗೊತ್ತಿತ್ತು. ಆದರೂ ಬಾಯಿಗೆ ಬಂದ ಬಡಾಯಿಯನ್ನು ನುಂಗುವುದು ಎಲ್ಲರಿಗೂ ಬರುವುದಿಲ್ಲ. ಅಷ್ಟರಲ್ಲಿ ಫೋನ್ ಬಂತು. ಗುರುತಿಲ್ಲದ ನಂಬರು.

“ನಾನು ಅಮಿತಾ ಹುಣಸಗಿಯವರ ಜೊತೆ ಮಾತಾಡಬಹುದೇ?” ಎಂದು ಹೆಣ್ಣು ದನಿಯೊಂದು ಇಂಗ್ಲಿಷಿನಲ್ಲಿ ಕೇಳಿತು.

ಆ ವಾರವಿಡೀ ಸಾಲ ಬೇಕಾ, ಕ್ರೆಡಿಟ್ ಕಾರ್ಡ್ ಬೇಕಾ ಎಂಬ ಫೋನುಗಳು ಬಂದು ರಾಯರ ತಲೆ ಕೆಟ್ಟಿತ್ತು. ಅವರು ಬಸವರಾಜರ ಕಡೆ ನೋಡಿ ಕಣ್ಣು ಮಿಟುಕಿಸಿ, “ರಾಂಗ್ ನಂಬರ್. ಇಲ್ಲಿ ಅಮಿತಾ ಅಂತ ಯಾರೂ ಇಲ್ಲ” ಎಂದು ಇಂಗ್ಲಿಷಿನಲ್ಲಿ ಅಂದರು.

“ಖಚಿತವಾಗಿ ಹೇಳುತ್ತಿದ್ದೀರಾ ಸರ್?”

“ನಮ್ಮ ಮನೀ ಮಂದಿ ನಮಗ ಗೊತ್ತಿರೂದಿಲ್ಲೇನು?” ಎಂದು ಕನ್ನಡದಲ್ಲೇ ಗದರಿ ಇಟ್ಟರು. ಇಂಥ ನಂಬರುಗಳನ್ನು ಬ್ಲಾಕ್ ಮಾಡುವುದನ್ನು ಹರ್ಷದಾ ಅವರಿಗೆ ಕಲಿಸಿಕೊಟ್ಟಿದ್ದಳು. ಆ ಹೊಸ ವಿದ್ಯೆಯನ್ನು ಬಸವರಾಜರಿಗೂ ತೋರಿಸುತ್ತ ಅದನ್ನು ಬ್ಲಾಕ್ ಮಾಡಿದರು. ಅಂಬುಬಾಯಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬಸವರಾಜರ ಮುಂದೆ ಕಪ್ಪು ಇಟ್ಟರು, ಗಂಡನ ಮುಂದೆ ಕಪ್ಪು ಇಟ್ಟರು, ಒಳಗೆ ಹೋದರು.

ಸಂಜೆ ಮಗಳ ಫೋನಿಗೆ ತರುಣ ಕರೆ ಮಾಡಿದ. ವಿಶ್ವವಿದ್ಯಾಲಯದ ಪರವಾಗಿ ದಾಖಲೆಗಳನ್ನು ಪರಿಶೀಲಿಸುವವರು ಖರ್ಚು ಕೊಡುವವರಿಗೆ ಫೋನ್ ಮಾಡಿದ್ದರಂತೆ. ಅಂಥವರು ಆ ಮನೆಯಲ್ಲೇ ಇಲ್ಲ ಎಂದು ಉತ್ತರ ಬಂದಿತಂತೆ. ಸುಳ್ಳು ಕಾಗದ ಎಂದು ಅವರಿಗೆ ಅನುಮಾನ ಬಂದಿದೆ. ತಾನು ಬೇಡಿಕೊಂಡಿದ್ದರಿಂದ ನಾಳೆ ಬೆಳಗ್ಗೆ ಅದೇ ನಂಬರಿನಿಂದ ಇನ್ನೊಂದೇ ಸಲ ಮಾಡುತ್ತಾರೆ. ಆಗಲೂ ಸಿಗದಿದ್ದರೆ ಸೀಟು ಹೋಯಿತು, ವೀಸಾದ ಮಾತು ಆಮೇಲಿನದು. ಹರ್ಷದಾ ಫೋನಿನ ದನಿಯನ್ನು ಎಲ್ಲರಿಗೂ ಕೇಳುವಂತೆ ಇಟ್ಟಿದ್ದಳು.

“ಯಾರು ಎತ್ತಿದ್ರು ಫೋನ್?” ಎಂದಳು ಹರ್ಷದಾ. “ಅಪ್ಪಾ, ನೀ ಎತ್ತಿದ್ದೇನು?”

ರಾಯರು ಬಾಯಿ ತೆರೆದರು. ಹೌದು ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಮಗಳ ಕಣ್ಣಿನಲ್ಲಿ ಅಪ್ಪ ಎಂದರೆ ಒಂದು ಅಕ್ಷರವೂ ತಪ್ಪದ ಮನುಷ್ಯ. ಆ ಮನುಷ್ಯ ಸಾಯಲು ಒಪ್ಪಲಿಲ್ಲ.

“ನಾನ ಎತ್ತಿದ್ದೆ” ಎಂದರು ಅಂಬುಬಾಯಿ. “ಇವ್ರು ಸ್ನಾನಕ್ಕ ಹೋಗಿದ್ರು. ಅಮಿತಾ ಅಂದ್ಲು. ಯಾರೋ ಏನೋ ಅಂತ ಇಲ್ಲ ಅಂದುಬಿಟ್ಟೆ. ಮರ್ತೇ ಹೋಗಿತ್ತು ನೋಡವಾ.”

“ನಿನ್ನ ಹೆಸರ ನಿನಗ ನೆನಪಿಲ್ಲೇನಮ್ಮಾ?” ಹರ್ಷದಾ ಕೂಗಿಕೊಂಡಳು. “ಮೊನ್ನೆ ಮೊನ್ನೆ ಸಹಿ ಮಾಡಿ ಬಂದಿ! ಇಷ್ಟ ಹೆಡ್ಡಿ ಹೆಂಗಾದಿ ನೀ? ಅಪ್ಪ ಇಷ್ಟೆಲ್ಲಾ ಓಡಾಡ್ಯಾನ, ನೀ ಒಂದ ಫೋನಿನಾಗ ಎಲ್ಲಾ ಹಾಳ ಮಾಡಿದೆಲ್ಲ!”

“ತಪ್ಪಾತವಾ” ಎಂದರು ಅಂಬುಬಾಯಿ.

ಮಗಳು ತಾಯಿಯನ್ನು ಬೈಯುತ್ತಿದ್ದಳು, ತಾಯಿ ತಲೆ ತಗ್ಗಿಸಿ ಕೇಳುತ್ತಿದ್ದರು, ಬೈಸಿಕೊಳ್ಳಬೇಕಾದವರು ಕುರ್ಚಿಯಲ್ಲಿ ಕೂತು ಫೈಲಿನ ಬಣ್ಣದ ಚೀಟಿ ನೋಡುತ್ತಿದ್ದರು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಆದರೆ ನೆಲ ಯಾರಿಗೂ ಹಾಗೆ ಅನುಕೂಲ ಮಾಡಿಕೊಡುವುದಿಲ್ಲ. ಊಟಕ್ಕೆ ಬಡಿಸಿದಾಗ ಅಂಬುಬಾಯಿ ಎಂದಿನಂತೆ ಅವರ ಎಲೆಗೆ ಮೊದಲು ತುಪ್ಪ ಹಾಕಿದರು.

ಬೆಳಗ್ಗೆ ಎದ್ದ ಮೇಲೆ ರಾಯರಿಗೆ ಇನ್ನೊಂದು ಮಾತು ಹೊಳೆಯಿತು. ಆ ನಂಬರನ್ನು ತಾವು ಬ್ಲಾಕ್ ಮಾಡಿದ್ದಾರೆ. ಅವರು ಎಷ್ಟು ಸಲ ಕರೆದರೂ ಈ ಫೋನು ಬಾಯಿ ಬಿಡುವುದಿಲ್ಲ. ಬ್ಲಾಕ್ ಮಾಡುವುದನ್ನಷ್ಟೇ ಅವರು ಕಲಿತಿದ್ದರು, ತೆಗೆಯುವುದನ್ನು ಕಲಿತಿರಲಿಲ್ಲ. ಬಾಲ್ಕನಿಗೆ ಹೋಗಿ ಕನ್ನಡಕ ಏರಿಸಿ ಇಳಿಸಿ ಅದನ್ನು ಒತ್ತಿದರು, ಇದನ್ನು ಒತ್ತಿದರು. ಫೋನಿನ ಅಕ್ಷರ ದೊಡ್ಡದಾಯಿತು, ಬೆಳಕು ಕಡಿಮೆಯಾಯಿತು, ನಂಬರು ಎಲ್ಲಿ ಅಡಗಿತ್ತೋ ಸಿಗಲಿಲ್ಲ. ಹಾಲು ತರುತ್ತೇನೆ ಎಂದು ಹೇಳಿ ಕೆಳಗಿನ ಮೊಬೈಲ್ ಅಂಗಡಿಗೆ ಓಡಿದರು. ಅಂಗಡಿಯ ಶಟರ್ ಇನ್ನೂ ಎತ್ತಿರಲಿಲ್ಲ. ಪಕ್ಕದ ಇಡ್ಲಿ ಬಂಡಿಯವನನ್ನು ಕೇಳಿದರೆ, ಅವನು ಮಧ್ಯಾಹ್ನದ ಹೊತ್ತಿಗೆ ಬರುತ್ತಾನೆ ಸಾರ್ ಎಂದ.

ಹಾಲು ಇಲ್ಲದೆ ಮೇಲೆ ಬಂದರು. ಹರ್ಷದಾ ಅಂದಿನ ಮಟ್ಟಿಗೆ ಫೋನನ್ನು ತಾಯಿಯ ಕೈಗೇ ಕೊಡಬೇಕೆಂದು ಕಾದು ನಿಂತಿದ್ದಳು. ಅವಳ ಕಣ್ಣು ಊದಿದ್ದವು. “ಕೊಡಪ್ಪಾ ಫೋನ್. ಈಗ ಬರಬಹುದು” ಎಂದಳು.

ಕೊಟ್ಟು ಸುಮ್ಮನೆ ಇದ್ದುಬಿಡಬಹುದಿತ್ತು. ಫೋನ್ ಬರುತ್ತಿರಲಿಲ್ಲ. ಪರದೇಶದವರ ಮಾತು ನಂಬಲಾಗದು ಎಂದು ಎಲ್ಲರೂ ಬೈದು ಮರೆಯುತ್ತಿದ್ದರು. ಅಂಬುಬಾಯಿ ಸಾಯುವತನಕ ಮಗಳ ಓದು ಕೆಡಿಸಿದ ಹೆಡ್ಡಿಯಾಗಿ ಉಳಿಯುತ್ತಿದ್ದರು. ಇಂಥ ಲೆಕ್ಕ ತಮ್ಮ ತಲೆಯಲ್ಲಿ ಒಂದು ಗಳಿಗೆಯಾದರೂ ಓಡಿತಲ್ಲ ಎಂದು ರಾಯರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

“ಆ ನಂಬರ ಬ್ಲಾಕ್ ಆಗೇದ” ಎಂದರು. “ತಗೀಲಿಕ್ಕೆ ನನಗ ಬರವಲ್ದು. ನೀ ತಗಿ.”

ಹರ್ಷದಾ ಫೋನ್ ಕಸಿದುಕೊಂಡು ನೋಡಿದಳು. “ಬ್ಲಾಕ್ ಮಾಡೂದು ಅಮ್ಮಗ ಎಲ್ಲಿಂದ ಬರ್ತದ? ನಾ ನಿನಗಷ್ಟ ಹೇಳಿಕೊಟ್ಟಿದ್ದೆ.”

“ಏನೋ ಒತ್ತಿದ್ದೆ ನೋಡು, ಗೊತ್ತಾಗ್ಲಿಲ್ಲ” ಎಂದು ಅಂಬುಬಾಯಿ ಅಡುಗೆಮನೆಯ ಬಾಗಿಲಿನಿಂದ ಹೇಳತೊಡಗಿದರು.

“ಸಾಕು ಮಾಡು ಅಂಬು” ಎಂದರು ರಾಯರು. “ಹರ್ಷದಾ, ಫೋನ್ ನಾನ ಎತ್ತಿದ್ದೆ. ಅಮಿತಾ ಅಂತ ಇಲ್ಲಿ ಯಾರೂ ಇಲ್ಲ ಅಂತ ನಾನ ಅಂದೆ. ಬಸವರಾಜನ ಮುಂದ ದೊಡ್ಡಸ್ತನ ಮಾಡಿಕೋತ ಕೂತಿದ್ದೆ. ಎಲ್ಲಾ ನಾನ ಜೋಡ್ಸೇನಿ ಅಂತ ಹೇಳ್ಲಿಕ್ಕತ್ತಿದ್ದೆ. ಅಕಿ ಹೆಸರು ನನಗ ನೆನಪ ಬರ್ಲಿಲ್ಲ. ನಿನ್ನೆ ನೀ ಬೈದಾಗೂ ಸುಮ್ಮನ ಕೂತೆ.”

ಹರ್ಷದಾ ಅಪ್ಪನನ್ನು ನೋಡಿದಳು. ಏನಾದರೂ ಅಂದಿದ್ದರೆ ರಾಯರಿಗೆ ಹಗುರಾಗುತ್ತಿತ್ತು. ಅವಳು ನಂಬರನ್ನು ಹುಡುಕಿ ತೆಗೆದು, ತಾಯಿಯ ಹತ್ತಿರ ಹೋಗಿ ಅವರ ಭುಜಕ್ಕೆ ಹಣೆ ಇಟ್ಟು ನಿಂತಳು. ಅಂಬುಬಾಯಿ ಹಿಟ್ಟು ಹತ್ತಿದ ಕೈಯನ್ನು ದೂರ ಹಿಡಿದು, ಮೊಣಕೈಯಿಂದ ಅವಳ ಬೆನ್ನು ಸವರಿದರು.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ಅಂಬುಬಾಯಿ ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು ಎತ್ತಿದರು. ಸ್ವಲ್ಪವೂ ಗಾಬರಿಯಾಗದೆ ಇಂಗ್ಲಿಷಿನಲ್ಲಿ ಮಾತಾಡಿದರು. ಹೌದು, ನಾನು ಅಮಿತಾ ಹುಣಸಗಿ. ಹೌದು, ಹರ್ಷದಾ ನನ್ನ ಮಗಳು. ಈ ಹಣ ನಮ್ಮ ತಂದೆ ನನಗಾಗಿ ಇಟ್ಟದ್ದು, ನಾನು ನನ್ನ ಮಗಳಿಗೆ ಕೊಡುತ್ತಿದ್ದೇನೆ. ಅಂಬುಬಾಯಿ ಅಂದರೂ ನಾನೇ, ಅದು ಗಂಡನ ಮನೆಯವರು ಕರೆಯುವ ಹೆಸರು. ಹಾಗಾದರೆ ನಿನ್ನೆ ಮಾತಾಡಿದ ಗಂಡಸು ಯಾರು ಎಂದು ಆ ಹೆಣ್ಣುಮಗಳು ಕೇಳಿದಳು. ಅಂಬುಬಾಯಿ ಗಂಡನ ಕಡೆ ಒಮ್ಮೆ ನೋಡಿದರು.

“ನನ್ನ ಯಜಮಾನರು. ಅವರಿಗೆ ಆ ಹೆಸರಿನ ಪರಿಚಯ ಇಲ್ಲ” ಎಂದರು.

ಆ ಕಡೆಯವಳು ನಕ್ಕಿದ್ದು ಕೋಣೆಯಲ್ಲೆಲ್ಲ ಕೇಳಿಸಿತು. ಎಲ್ಲ ಸರಿಯಿದೆ ಮೇಡಂ, ವಿಶ್ವವಿದ್ಯಾಲಯಕ್ಕೆ ಬರೆದು ಕಳಿಸುತ್ತೇನೆ ಎಂದಳು. ಹರ್ಷದಾ ತಾಯಿಯನ್ನು ಅಪ್ಪಿಕೊಂಡು ಒಂದು ಸುತ್ತು ತಿರುಗಿಸಿದಳು. ತರುಣನಿಗೆ ಹೇಳಲು ಬಾಲ್ಕನಿಗೆ ಓಡಿದಳು.

ರಾಯರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಅಂಬುಬಾಯಿ ಮತ್ತೆ ಚಪಾತಿ ಲಟ್ಟಿಸಲು ಕೂತಿದ್ದರು. ಕ್ಷಮಿಸು ಎನ್ನುವುದು ರಾಯರ ಬಾಯಿಗೆ ರೂಢಿಯಿಲ್ಲದ ಮಾತು. ಅದರ ಬದಲು ಏನಾದರೂ ಕೊಡಬೇಕು ಎನ್ನಿಸಿತು. ಕೊಡಲು ಅವರ ಹತ್ತಿರ ಒಂದೇ ಇತ್ತು. ಇಷ್ಟು ವರ್ಷದಲ್ಲಿ ಅವರನ್ನು ಒಮ್ಮೆಯೂ ಕರೆಯದ ಹೆಸರನ್ನು ಎರಡು ಸಲ ಮನಸ್ಸಿನಲ್ಲೇ ಅಂದು ಸಿದ್ಧಮಾಡಿಕೊಂಡರು.

“ಅಮಿತಾ” ಎಂದರು.

ಲಟ್ಟಣಿಗೆ ನಿಂತಿತು. ಅಂಬುಬಾಯಿ ತಿರುಗಲಿಲ್ಲ.

“ಬ್ಯಾಡ್ರಿ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ನೀವು ಅಂಬು ಅಂತನ ಕರೀರಿ. ಅದನ್ನ ನೀವ ಬರದದ್ದು. ಇದು ನಮ್ಮಪ್ಪ ಇಟ್ಟದ್ದದ. ಇದೊಂದು ನನಗ ಇರ್ಲಿ.”

ಲಟ್ಟಣಿಗೆಯ ಸದ್ದು ಮತ್ತೆ ಶುರುವಾಯಿತು. ರಾಯರು ಹೊರಗೆ ಬಂದು, ಬಂದವರ ಕಣ್ಣಿಗೆ ಬೀಳುವಂತೆ ಮೇಜಿನ ಮೇಲಿಟ್ಟಿದ್ದ ಫೈಲನ್ನು ಎತ್ತಿ ಕಪಾಟಿನ ಒಳಗೆ ಇಟ್ಟರು.